ಪದಚರ್ಚೆ: ‘ಪಾಪರ್ ಲುನ್ಯಾಟಿಕ್’ ಎಂದರೆ ದಿವಾಳಿಯೆದ್ದ ಹುಚ್ಚನೇ?

ಪ್ರಶ್ನೆ:

ಬೆಂಗಳೂರು ದಂಡಿನ ಹಳೆಯ ಆಂಗ್ಲೋ-ಇಂಡಿಯನ್ ಮನೆತನವೊಂದರ ವಂಶಚರಿತ್ರೆಯ ಅನುವಾದ ನಡೆದಿದೆ. ಆ ಮನೆಯ ಹಿರಿಯರೊಬ್ಬರು ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲೇ ಉಳಿದವರು. 1871ರ ಜನಗಣತಿಯಲ್ಲಿ ಮನೆಮಂದಿಯ ಜೊತೆಗಿದ್ದಾರೆ, 1881ರಲ್ಲಿ ಹೆಸರೇ ಇಲ್ಲ. ಅಸೈಲಂ (ಮಾನಸಿಕ ರೋಗಿಗಳನ್ನು ಇರಿಸುವ ಆಶ್ರಯಾಲಯ) ದಾಖಲಾತಿಯ ಸಾಲೊಂದರಲ್ಲಿ ‘ಪಾಪರ್’, ‘ಯೂನಿಯನ್’, ‘ಸೆಟ್ಲ್‌ಮೆಂಟ್’, ಬಿಡುಗಡೆಯ ಕಾಲಂನಲ್ಲಿ ‘ರಿಲೀವ್ಡ್’ ಎಂದಿದೆ. ಜನಗಣತಿಯ ಕೊನೆಯ ಕಾಲಂನಲ್ಲಿ ಬರುವ ‘ಇಂಬೆಸೈಲ್’, ‘ಇಡಿಯಟ್’, ‘ಲುನ್ಯಾಟಿಕ್’ ಮೂರಕ್ಕೂ ‘ಹುಚ್ಚ’ ಎಂದರೆ ಸಾಕೇ? ಪಾಪರ್‌ಗೆ ‘ದಿವಾಳಿ’ ಎನ್ನಬಹುದೇ?

ಉತ್ತರ:

ದಿವಾಳಿ ಎನ್ನಬೇಡಿ. ‘ಮೆಲಂಕೋಲಿಯಾ’ (ವಿಷಣ್ಣತೆಯ ಕಾಯಿಲೆ) ಕಂಡರೆ ಯಾರಾದರೂ ನಿಘಂಟು ತೆಗೆಯುತ್ತಾರೆ. ಪಾಪರ್, ರಿಲೀವ್, ಸೆಟ್ಲ್‌ಮೆಂಟ್ ಕಂಡಾಗ ತೆಗೆಯುವುದಿಲ್ಲ, ಏಕೆಂದರೆ ಅವು ಆಗಲೇ ನಮ್ಮ ಬಾಯಲ್ಲಿವೆ, ಬೇರೆ ಅರ್ಥದಲ್ಲಿ. ಈ ದಾಖಲೆಗಳಲ್ಲಿ ಜನ ಎಡವುವುದು ಅಲ್ಲೇ. ಅನುವಾದ ಕೆಡುವುದಷ್ಟೇ ಅಲ್ಲ, ಮುಂದೆ ಯಾವ ಕಡತ ಹುಡುಕಬೇಕು ಎಂಬುದೂ ತಪ್ಪುತ್ತದೆ.

ನಮ್ಮಲ್ಲಿ ‘ಪಾಪರ್ ಎದ್ದ’, ‘ಪಾಪರ್ ಚೀಟಿ ತಗೊಂಡ’ ಎಂದರೆ ಸಾಲ ತೀರಿಸಲಾಗದೆ ಕೈಯೆತ್ತಿದವನು. ಅಸೈಲಂ ಪುಸ್ತಕದ ಪಾಪರ್‌ಗೂ ಸಾಲಕ್ಕೂ ಸಂಬಂಧವಿಲ್ಲ. ರೋಗಿಯ ಖರ್ಚನ್ನು ಮನೆಯವರು ಕೊಟ್ಟರೆ ಆತ ‘ಪ್ರೈವೇಟ್’, ಬಡವರ ತೆರಿಗೆಯಿಂದ ಬಂದರೆ ‘ಪಾಪರ್’, ಅಷ್ಟೇ ಭೇದ. ಕಾಯಿಲೆ ಬೀಳುವವರೆಗೆ ವಾರವಾರ ಕೂಲಿ ತಂದು ಸಂಸಾರ ನಡೆಸುತ್ತಿದ್ದ ಗಿರಣಿಯಾಳು, ಬಡಗಿ, ಸಣ್ಣ ಅಂಗಡಿಯವನು ಎಲ್ಲರೂ ಅಲ್ಲಿ ಪಾಪರ್. ಪ್ರೈವೇಟ್ ಅಸೈಲಂ ಶುಲ್ಕ ಅವರ ಕೈಗೆಟುಕುವಂಥದ್ದಲ್ಲ. 1845ರ ಕಾಯ್ದೆ ಪ್ರತಿ ಕೌಂಟಿಯೂ (ಅಲ್ಲಿನ ಜಿಲ್ಲೆ) ಅಸೈಲಂ ಕಟ್ಟಿಸಲೇಬೇಕು ಎಂದದ್ದು ಇವರಿಗಾಗಿಯೇ. 1874ರಿಂದ ಅಸೈಲಂನಲ್ಲಿಟ್ಟ ಪ್ರತಿ ಪಾಪರ್ ರೋಗಿಗೆ ವಾರಕ್ಕೆ 4 ಷಿಲಿಂಗ್ ಕೇಂದ್ರ ಸರ್ಕಾರದ ನೆರವು ಬರತೊಡಗಿತು. ವರ್ಕ್‌ಹೌಸ್‌ನಲ್ಲಿ, ಅಂದರೆ ನಿರ್ಗತಿಕರನ್ನು ಇರಿಸಿ ದುಡಿಸುತ್ತಿದ್ದ ಬಡವರ ಮನೆಯಲ್ಲಿ, ಇಟ್ಟರೆ ಆ ದುಡ್ಡಿಲ್ಲ! ಹಾಗಾಗಿ ಅದುವರೆಗೆ ವರ್ಕ್‌ಹೌಸ್ ಮೂಲೆಯಲ್ಲಿದ್ದವರನ್ನೂ ಅಸೈಲಂಗೆ ಸಾಗಿಸುವ ಆಸೆ ಅಧಿಕಾರಿಗಳಿಗೆ ಹುಟ್ಟಿತು. ನಿಮ್ಮವರು ಕಾಣೆಯಾದದ್ದು ಸರಿಯಾಗಿ ಆ ಹತ್ತು ವರ್ಷಗಳಲ್ಲಿ. ಆದ್ದರಿಂದ ದಾಖಲಾದ ದಿನವೇ ಕಾಯಿಲೆ ಶುರುವಾಯಿತೆಂದು ತಿಳಿಯಬೇಡಿ, ಅದಕ್ಕೆ ಹಿಂದಿನ ವರ್ಷಗಳ ವರ್ಕ್‌ಹೌಸ್ ರಿಜಿಸ್ಟರನ್ನೂ ನೋಡಿ. ಅನುವಾದಕ್ಕೆ ನನ್ನ ಸಲಹೆ ‘ಸಾರ್ವಜನಿಕ ಖರ್ಚಿನ ರೋಗಿ’. ಉದ್ದವಾಯಿತು, ಆದರೆ ಯಾರ ಮಾನವೂ ಹೋಗುವುದಿಲ್ಲ.

‘ಯೂನಿಯನ್’ ಕಾರ್ಮಿಕ ಸಂಘವಲ್ಲ. 1834ರ ಬಡವರ ಕಾಯ್ದೆಯಡಿ ಹಲವು ಪ್ಯಾರಿಷ್‌ಗಳು (ಚರ್ಚಿನ ಸುತ್ತಲಿನ ಸ್ಥಳೀಯ ಆಡಳಿತ ವಲಯಗಳು) ಸೇರಿ ಒಂದು ವರ್ಕ್‌ಹೌಸ್ ನಡೆಸುವ ಒಕ್ಕೂಟ. ‘ಚಾರ್ಜಬಲ್ ಟು’ ಎಂದು ಮುಂದೆ ಒಂದು ಯೂನಿಯನ್ ಹೆಸರಿದ್ದರೆ, ಅಪರಾಧ ಹೊರಿಸಿದ್ದಲ್ಲ, ಖರ್ಚು ಆ ಯೂನಿಯನ್ನಿನ ತಲೆಯ ಮೇಲೆ ಎಂದರ್ಥ. ‘ಸೆಟ್ಲ್‌ಮೆಂಟ್’ ಎಂದರೂ ರಾಜಿಯಲ್ಲ, ಲೆಕ್ಕ ಚುಕ್ತಾ ಮಾಡುವುದೂ ಅಲ್ಲ: ಈ ಮನುಷ್ಯನನ್ನು ಸಾಕುವ ಹೊಣೆ ಕಾನೂನಿನ ಪ್ರಕಾರ ಯಾವ ಊರಿನದು ಎಂಬ ಪ್ರಶ್ನೆ. ಎರಡು ಯೂನಿಯನ್‌ಗಳು ‘ನಮ್ಮವನಲ್ಲ’ ಎಂದು ಕಿತ್ತಾಡಿದರೆ ವಂಶ ಹುಡುಕುವವರಿಗೆ ಹಬ್ಬ. ಎಲ್ಲಿ ಹುಟ್ಟಿದ, ಯಾರ ಬಳಿ ಕಸುಬು ಕಲಿತ, ಯಾರನ್ನು ಮದುವೆಯಾದ, ಎಲ್ಲೆಲ್ಲಿ ಬಾಡಿಗೆಗಿದ್ದ ಎಂದು ಕೆದಕಿ ಬರೆದಿಟ್ಟಿರುತ್ತಾರೆ. ‘ವಾಸಹಕ್ಕಿನ ಊರು’ ಎಂದರೆ ಹತ್ತಿರವಾದೀತು.

ಇನ್ನು ‘ರಿಲೀವ್ಡ್’. ನಮ್ಮ ಕಚೇರಿಗಳಲ್ಲಿ ವರ್ಗವಾದವರು ರಿಲೀವ್ ಆಗುತ್ತಾರೆ. ಅಸೈಲಂ ಪುಸ್ತಕದಲ್ಲಿ ಬಿಡುಗಡೆಗೆ ಮೂರು ಬಗೆಯ ನಮೂದು: ‘ರಿಕವರ್ಡ್’ ಎಂದರೆ ವಾಸಿಯಾಗಿದೆ, ‘ರಿಲೀವ್ಡ್’ ಎಂದರೆ ವಾಸಿಯಾಗಿಲ್ಲ ಆದರೆ ಹಗುರವಾಗಿದೆ, ‘ನಾಟ್ ಇಂಪ್ರೂವ್ಡ್’ ಎಂದರೆ ಇದ್ದಂತೆಯೇ ಕಳಿಸಿದ್ದು. ನಾಲ್ಕನೆಯದು ಸಾವು. ಹಾಗಾಗಿ ‘ಗುಣಮುಖ’ ಎಂಬುದನ್ನು ರಿಕವರ್ಡ್‌ಗೆ ಮೀಸಲಿಡಿ, ರಿಲೀವ್ಡ್‌ಗೆ ‘ಸ್ವಲ್ಪ ಸುಧಾರಿಸಿ ಬಿಡುಗಡೆ’ ಎನ್ನಿ. ಅದೇ ಕಡತದಲ್ಲಿ ‘ರಿಲೀವಿಂಗ್ ಆಫೀಸರ್’ ಕೂಡ ಬರುತ್ತಾನೆ. ಅವನು ಬಿಡುಗಡೆ ಮಾಡುವವನಲ್ಲ, ಬಡವರಿಗೆ ಪರಿಹಾರ ಹಂಚುವ ಯೂನಿಯನ್ ನೌಕರ. ಪಾಪರ್ ರೋಗಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಅಸೈಲಂಗೆ ಸೇರಿಸುವ ಕೆಲಸ ಸಾಮಾನ್ಯವಾಗಿ ಅವನದೇ.

ಈ ನಮೂದುಗಳು ಹುಡುಕಾಟಕ್ಕೂ ದಾರಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಎಂಎಚ್ 94 ಸರಣಿಯಲ್ಲಿ 1846ರಿಂದ ಮುಂದಿನ ಅಸೈಲಂ ದಾಖಲಾತಿ ರಿಜಿಸ್ಟರ್‌ಗಳಿವೆ. ರೋಗಿಯ ಹೆಸರು, ಸೇರಿದ ದಿನ, ಅಸೈಲಂ, ಬಿಡುಗಡೆ ಅಥವಾ ಸಾವಿನ ದಿನ ಒಂದೇ ಸಾಲಿನಲ್ಲಿ. 1912ರವರೆಗಿನವು ಅಂತರ್ಜಾಲದಲ್ಲೂ ಸಿಗುತ್ತವೆ. ಸಾಲಿನ ಕೊನೆಯಲ್ಲಿ ‘ನಾಟ್ ಇಂಪ್ರೂವ್ಡ್’ ಇದ್ದರೆ ಮನೆಗೆ ಹೋದರೆಂದುಕೊಳ್ಳಬೇಡಿ. ಒಂದು ಅಸೈಲಂನಿಂದ ಇನ್ನೊಂದಕ್ಕೆ ಸಾಗಿಸಿದಾಗಲೂ ಹಾಗೇ ಬರೆಯುತ್ತಿದ್ದರು. ಅದೇ ದಿನ ಅಥವಾ ಮರುದಿನದ ತಾರೀಖಿನಲ್ಲಿ ಅದೇ ಹೆಸರು ಬೇರೆ ಅಸೈಲಂನಲ್ಲಿ ಇದೆಯೇ ನೋಡಿ. ಲ್ಯಾಂಕಷೈರ್‌ನಲ್ಲಿ ಆಗ ಲ್ಯಾಂಕಾಸ್ಟರ್ ಅಲ್ಲದೆ ರೇನ್‌ಹಿಲ್, ಪ್ರೆಸ್ಟ್‌ವಿಚ್, 1873ರಿಂದ ವಿಟಿಂಗ್‌ಹ್ಯಾಮ್ ಇದ್ದವು. ಹೊಸದು ತೆರೆದಾಗ ಹಳೆಯದರಿಂದ ರೋಗಿಗಳನ್ನು ಗುಂಪಾಗಿ ಕಳಿಸುವುದು ಮಾಮೂಲು.

ಎಂಎಚ್ 94 ಬರೀ ದಾರಿಯ ಕಲ್ಲು. ಕಥೆ ಇರುವುದು ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿ ಉಳಿದ ಕೇಸ್ ಪುಸ್ತಕ ಮತ್ತು ‘ರಿಸೆಪ್ಷನ್ ಆರ್ಡರ್’ನಲ್ಲಿ. (ರಿಸೆಪ್ಷನ್ ಎಂದರೆ ಆರತಕ್ಷತೆಯಲ್ಲ ಎಂದು ಬೇರೆ ಹೇಳಬೇಕಿಲ್ಲ, ‘ದಾಖಲಾತಿ ಆದೇಶ’.) ಅದಕ್ಕೆ ಅಂಟಿದ ವೈದ್ಯರ ಪ್ರಮಾಣಪತ್ರದಲ್ಲಿ ಎರಡು ಭಾಗ: ವೈದ್ಯ ತಾನೇ ಕಂಡ ಲಕ್ಷಣಗಳು ಒಂದು, ಬೇರೆಯವರು ತನಗೆ ಹೇಳಿದ್ದು ಇನ್ನೊಂದು. ಎರಡನೆಯದರಲ್ಲಿ ಹೇಳಿದವರ ಹೆಸರಿರುತ್ತದೆ. ಹೆಂಡತಿ, ಅಣ್ಣ, ಪಕ್ಕದ ಮನೆಯವರು, ಕೆಲವೊಮ್ಮೆ ವಿಳಾಸ ಸಮೇತ. ಅನುವಾದಿಸುವಾಗ ಇವೆರಡನ್ನೂ ಬೆರೆಸಿ ‘ವೈದ್ಯರು ಹೇಳಿದಂತೆ’ ಎಂದುಬಿಟ್ಟರೆ ಹೆಂಡತಿಯ ದೂರು ರೋಗನಿರ್ಣಯವಾಗಿಬಿಡುತ್ತದೆ. ಇದು ಮೊದಲ ಸಲದ ಕಾಯಿಲೆಯೇ, ಈಗಿನದು ಎಷ್ಟು ದಿನದ್ದು, ಊಹಿಸಿದ ಕಾರಣವೇನು, ಅಪಾಯಕಾರಿಯೇ ಎಂಬ ಕಾಲಂಗಳೂ ಅಲ್ಲಿವೆ. ‘ಊಹಿಸಿದ’ ಎಂಬುದನ್ನು ಕೈಬಿಡಬೇಡಿ.

ಅಂದಹಾಗೆ, ಅಸೈಲಂ ಎಂದಾಕ್ಷಣ ಹುಚ್ಚಾಸ್ಪತ್ರೆ ಎಂದು ಬರೆಯಬೇಡಿ. ಈಗಿನ ಲವ್‌ಡೇಲ್‌ನ ಲಾರೆನ್ಸ್ ಶಾಲೆ 1858ರಲ್ಲಿ ಊಟಿಯಲ್ಲಿ ಶುರುವಾದಾಗ ಅದೂ ‘ಅಸೈಲಂ’, ಬ್ರಿಟಿಷ್ ಸೈನಿಕರ ಮಕ್ಕಳಿಗಾಗಿ. ದಂಡಿನ ಮನೆತನದ ಕಾಗದದಲ್ಲಿ ‘ಹುಡುಗ ಅಸೈಲಂನಲ್ಲಿದ್ದಾನೆ’ ಎಂದಿದ್ದರೆ ಮೊದಲು ವಯಸ್ಸು ನೋಡಿ.

ಇನ್ನೊಬ್ಬರ ಸೇರ್ಪಡೆ:

ಪಾಪರ್ ವಿಚಾರ ಒಪ್ಪಿದೆ ಸರ್. ಕೊನೆಯ ಕಾಲಂ ಬಗ್ಗೆ ನೀವು ಹೇಳಲಿಲ್ಲ. 1851 ಮತ್ತು 1861ರಲ್ಲಿ ಅಲ್ಲಿ ಕೇಳುತ್ತಿದ್ದದ್ದು ಕುರುಡರೇ, ಕಿವುಡ-ಮೂಕರೇ ಎಂದಷ್ಟೇ. ‘ಇಂಬೆಸೈಲ್ ಅಥವಾ ಇಡಿಯಟ್’, ‘ಲುನ್ಯಾಟಿಕ್’ ಸೇರಿದ್ದು 1871ರಲ್ಲಿ. ತುಂಬುತ್ತಿದ್ದವರು ವೈದ್ಯರಲ್ಲ, ಮನೆಯ ಯಜಮಾನರು. ಮರ್ಯಾದೆಗೆ ಅಂಜಿ ಖಾಲಿ ಬಿಟ್ಟವರು ಧಾರಾಳ, ಆದ್ದರಿಂದ ಖಾಲಿ ಕಾಲಂ ಆರೋಗ್ಯದ ಸಾಕ್ಷಿಯಲ್ಲ.

ಈ ಪದಗಳಿಗೆ ಒಂದೇ ಕನ್ನಡ ಪದ ಗೊತ್ತುಮಾಡಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. 1881ರ ಜನಗಣತಿ ವರದಿಯೇ ಹೇಳುವ ಪ್ರಕಾರ ಇಡಿಯಟ್ ಎಂಬುದು ಸಾಮಾನ್ಯವಾಗಿ ಹುಟ್ಟಿನಿಂದ ಬುದ್ಧಿ ಬೆಳೆಯದವರಿಗೆ, ಇಂಬೆಸೈಲ್ ಎಂಬುದು ಮುಂದೆ ಬುದ್ಧಿ ಕಳೆದುಕೊಂಡವರಿಗೆ, ಆದರೆ ಜನ ತುಂಬಿಕೊಟ್ಟ ಹಾಳೆಗಳಲ್ಲಿ ಈ ಭೇದ ಪಾಲನೆಯಾಗಿಲ್ಲ. 1913ರ ಕಾಯ್ದೆಗೆ ಬರುವಷ್ಟರಲ್ಲಿ ಇಂಬೆಸೈಲ್ ಎಂದರೆ ಬುದ್ಧಿಮಾಂದ್ಯದಲ್ಲೇ ಒಂದು ದರ್ಜೆ. ಎಪ್ಪತ್ತು ದಾಟಿದ ಅಜ್ಜಿಯ ಹೆಸರಿನ ಮುಂದೆ 1881ರಲ್ಲಿ ಇಂಬೆಸೈಲ್ ಎಂದಿದ್ದರೆ ಅದು ಬಹುಶಃ ನಮ್ಮ ‘ಅರಳುಮರಳು’ ಇರಬಹುದು, ಆದರೆ ಖಚಿತವಾಗಿ ಹೇಳಲಾಗದು. ನಲವತ್ತರ ಗಂಡಸಿಗೆ ಆ ಮಾತು ಕೂರುವುದಿಲ್ಲ. ಮೂಲ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು, ವಯಸ್ಸು ನೋಡಿ ಅಡಿಟಿಪ್ಪಣಿ ಕೊಡುವುದು ಕ್ಷೇಮ. ‘ಹುಚ್ಚ’ ಲುನ್ಯಾಟಿಕ್‌ಗೆ ಸರಿಯೇ, ಉಳಿದೆರಡಕ್ಕೆ ಸಲ್ಲದು.

ಪ್ರಶ್ನೆ ಕೇಳಿದವರು 1881ರಲ್ಲಿ ಹೆಸರೇ ಇಲ್ಲ ಎಂದಿದ್ದಾರೆ. ಹೆಸರಿನಿಂದ ಹುಡುಕಿದ್ದಕ್ಕೆ ಹಾಗಾಗಿರಬಹುದು. ಬಹಳಷ್ಟು ಅಸೈಲಂಗಳು ಗುಟ್ಟು ಕಾಯಲು ರೋಗಿಗಳ ಮೊದಲಕ್ಷರಗಳನ್ನಷ್ಟೇ ಬರೆದುಕೊಟ್ಟವು. ‘ಜೆ. ಡಬ್ಲ್ಯು., ಪೇಶೆಂಟ್, ವಿವಾಹಿತ, 43, ನೇಕಾರ’ ಎಂಬಂಥ ಸಾಲುಗಳು ಪುಟಗಟ್ಟಲೆ. ಹುಟ್ಟೂರಿನ ಜಾಗದಲ್ಲಿ ‘ಎನ್.ಕೆ.’ ಇದ್ದರೆ ಅದು ಊರಿನ ಹೆಸರಲ್ಲ, ‘ಗೊತ್ತಿಲ್ಲ’ ಎಂಬುದರ ಚುಟುಕು. ಹಾಗಾಗಿ ಮೊದಲು ಎಂಎಚ್ 94ರಿಂದ ಅಸೈಲಂ ಹೆಸರು ಹಿಡಿಯಿರಿ, ಆಮೇಲೆ 1881ರ ಜನಗಣತಿಯಲ್ಲಿ, ಅಂದರೆ ಆರ್‌ಜಿ 11 ಸರಣಿಯಲ್ಲಿ, ಆ ಅಸೈಲಂನ ಪುಟಗಳನ್ನು ತೆರೆದು ಮೊದಲಕ್ಷರ, ವಯಸ್ಸು, ಕಸುಬು ಮೂರನ್ನೂ ಕೂಡಿಸಿ ನೋಡಿ. ವಯಸ್ಸಿನಲ್ಲಿ ಎರಡು ಮೂರು ವರ್ಷ ಆಚೀಚೆ ಬಿಡಿ. 1871ರಲ್ಲಿ ಮನೆಯಲ್ಲಿದ್ದಾಗ ಬರೆಸಿದ ಕಸುಬೇ ಇಲ್ಲಿ ಗಟ್ಟಿ ಗುರುತು.

ನಮ್ಮ ಕಡೆಯ ಖಾನೇಷುಮಾರಿಯಲ್ಲೂ 1881ರಿಂದ ಹುಚ್ಚರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳ ಲೆಕ್ಕವಿದೆ. ಆದರೆ ಉಳಿದದ್ದು ಒಟ್ಟು ಸಂಖ್ಯೆಗಳು, ಮನೆಮನೆಯ ಹಾಳೆಗಳಲ್ಲ. ಹೆಸರು ಹಿಡಿದು ಹುಡುಕಲಾಗದು. ಈ ಮನೆತನದ ಯಾರಾದರೂ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇವೆಯಲ್ಲಿದ್ದು ಬುದ್ಧಿ ಕೆಟ್ಟು ಹಡಗು ಹತ್ತಿದ್ದರೆ ಲೆಕ್ಕ ಬೇರೆ. ಅಂಥವರನ್ನು 1818ರಿಂದ ಲಂಡನ್ನಿನ ಪೆಂಬ್ರೋಕ್ ಹೌಸ್‌ನಲ್ಲಿ, 1870ರಿಂದ 1892ರವರೆಗೆ ಈಲಿಂಗ್‌ನ ರಾಯಲ್ ಇಂಡಿಯಾ ಅಸೈಲಂನಲ್ಲಿ ಇಡುತ್ತಿದ್ದರು. ಆ ಕಾಗದಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಕೆ/2 ಗುರುತಿನಲ್ಲಿವೆ. ಬೆಂಗಳೂರು ದಂಡಿನ ನಾಮಕರಣ, ಮದುವೆ, ಶವಸಂಸ್ಕಾರದ ನಮೂದುಗಳಿಗೆ ಅಲ್ಲಿಯೇ ಮದ್ರಾಸಿನ ಎನ್/2 ಸರಣಿ ನೋಡಬೇಕು.

ಕೌಂಟಿಯ ದಾಖಲೆ ಕಚೇರಿಗೆ ಬರೆಯುವಾಗ ಒಂದು ವಿಚಾರ ಗಮನದಲ್ಲಿರಲಿ. ರೋಗಿಗಳ ಕಡತಗಳನ್ನು ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ, ಮತ್ತು ಆ ಎಣಿಕೆ ಬಹುತೇಕ ಕಡೆ ಪುಸ್ತಕದ ಕೊನೆಯ ನಮೂದಿನಿಂದ. 1880ರಲ್ಲಿ ಸೇರಿದವರ ಪುಟವೂ ಪುಸ್ತಕ 1930ರವರೆಗೆ ನಡೆದಿದ್ದರೆ ಮುಚ್ಚಿಯೇ ಇರಬಹುದು. ಆಗ ಇಡೀ ಪುಸ್ತಕ ಕೇಳದೆ ಹೆಸರು, ಸೇರಿದ ತಾರೀಖು ಕೊಟ್ಟು ಆ ಒಂದು ಪುಟದ ನಕಲನ್ನಷ್ಟೇ ಕೇಳಿ.