ವಿಲಿಯಂ ಮಾರಿಸ್ ಬೆಳೆದ ಮನೆ ಯಾವ್ದು, ರೆಡ್ ಹೌಸಾ ವಾಲ್ಥಮ್‌ಸ್ಟೋದ್ದಾ?

ಅಚ್ಚುಮಣೆ:
ಬ್ಲಾಕ್ ಪ್ರಿಂಟಿಂಗ್ ಕಲೀತಾ ಇದೀನಿ, ಮೊನ್ನೆ ಕ್ಲಾಸಲ್ಲಿ 19ನೇ ಶತಮಾನದ ಇಂಗ್ಲಿಷ್ ಡಿಸೈನರ್ ವಿಲಿಯಂ ಮಾರಿಸ್ ಅವರ 'ಸ್ಟ್ರಾಬೆರಿ ಥೀಫ್' ಅನ್ನೋ ಬಟ್ಟೆ ಡಿಸೈನ್ ತೋರಿಸಿದ್ರು, ಇಂಡಿಗೋ ನೀಲಿ ಮೇಲೆ ಹಕ್ಕಿಗಳು, ಕೊಕ್ಕಲ್ಲಿ ಹಣ್ಣು, ಅವತ್ತಿಂದ ಅದೇ ಗುಂಗು. ಮುಂದಿನ ತಿಂಗ್ಳು ಲಂಡನ್‌ಗೆ ಅಕ್ಕನ ಮನೆಗೆ ಹೋಗ್ತಿದೀನಿ, ನಂಗೆ ಅಂತ ಸಿಗೋದು ಒಂದೇ ದಿನ. ಅವರು ಚಿಕ್ಕೋರಿದ್ದಾಗ ಇದ್ದ ಮನೆ ನೋಡ್ಬೇಕು, ಎಲ್ಲಿಗೆ ಹೋಗ್ಲಿ?

ನೂಲೆಳೆ:
ರೆಡ್ ಹೌಸ್ ಅವರು ಮದ್ವೆ ಆದ್ಮೇಲೆ ಫಿಲಿಪ್ ವೆಬ್ ಅನ್ನೋ ಆರ್ಕಿಟೆಕ್ಟ್ ಕೈಲಿ ಕಟ್ಟಿಸಿದ್ದು, 1860ರಲ್ಲಿ ಅಲ್ಲಿಗೆ ಹೋಗಿ 1865ಕ್ಕೆ ಬಿಟ್ರು. ನೀವು ಕೇಳ್ತಿರೋದು ಈಶಾನ್ಯ ಲಂಡನ್ನಿನ ವಾಲ್ಥಮ್‌ಸ್ಟೋದ ವಾಟರ್ ಹೌಸ್, ಈಗ ಅದೇ ವಿಲಿಯಂ ಮಾರಿಸ್ ಗ್ಯಾಲರಿ, ಟಿಕೆಟ್ ಇಲ್ಲ, ಸೋಮವಾರ ರಜಾ. ಹುಟ್ಟಿದ್ದು ಅದೇ ಊರಲ್ಲಿ ಎಲ್ಮ್ ಹೌಸ್ ಅನ್ನೋ ಮನೇಲಿ, 1834 ಮಾರ್ಚ್ 24, ಆ ಮನೆ ಈಗ ಇಲ್ಲ. ಅಪ್ಪ 1847ರಲ್ಲಿ ತೀರ್ಕೊಂಡ್ಮೇಲೆ ಅಮ್ಮ ಮಕ್ಕಳನ್ನ ಕರ್ಕೊಂಡು ವಾಟರ್ ಹೌಸಿಗೆ ಬಂದ್ರು, ಆಗ ಇವರಿಗೆ 14. ಹಿತ್ತಲಲ್ಲಿ ಸುತ್ತ ನೀರಿನ ಕಂದಕ, ನಡುವೆ ಸಣ್ಣ ದ್ವೀಪ, ಹುಡುಗ್ರು ಅಲ್ಲೇ ಮೀನು ಹಿಡಿಯೋದು, ದೋಣಿ ಬಿಡೋದು, ಚಳೀಲಿ ನೀರು ಹೆಪ್ಪುಗಟ್ಟಿದ್ರೆ ಸ್ಕೇಟಿಂಗು. ಕಂದಕ ಈಗ್ಲೂ ಇದೆ, ನಾನು ಹೋದಾಗ ಬಾತುಕೋಳಿ ನೋಡ್ತಾ ಅಲ್ಲೇ ಬೆಂಚಲ್ಲಿ ಒಂದು ಗಂಟೆ ಕೂತಿದ್ದೆ, ಒಳಗಡೆ ಹೋಗೋದೇ ಮರ್ತಿತ್ತು.

ಕಾಡುದಾರಿ:
ಮನೆ ನೋಡಿ ಸರಿ, ಆದ್ರೆ ದಯವಿಟ್ಟು ಅಲ್ಲೇ ಹತ್ರದ ಎಪ್ಪಿಂಗ್ ಕಾಡು ಬಿಡ್ಬೇಡಿ. ಅವರಿಗೆ 6 ವರ್ಷ ಆದಾಗ ಮನೆಯವ್ರೆಲ್ಲ ಕಾಡಂಚಿನ ವುಡ್‌ಫರ್ಡ್ ಹಾಲ್‌ಗೆ ಹೋದ್ರು, ಬೆಣ್ಣೆ ಬ್ರೆಡ್ಡು ಬಿಯರು ಎಲ್ಲಾ ಮನೇಲೇ ಮಾಡ್ತಿದ್ದ ದೊಡ್ಡ ಮನೆ, ಅಪ್ಪ ಡೆವನ್‌ನ ತಾಮ್ರದ ಗಣೀಲಿ ಷೇರು ಇಟ್ಟಿದ್ರು, ಅದರಿಂದ ಬಂದ ದುಡ್ಡು. ಹುಡುಗ ಆಟದ ಕವಚ ಹಾಕ್ಕೊಂಡು ಕುದುರೆಮರಿ ಹತ್ತಿ ಕಾಡೆಲ್ಲಾ ಸುತ್ತೋನು. ಕಾಡಂಚಿನ ಚಿಂಗ್‌ಫರ್ಡ್‌ನಲ್ಲಿ ಒಂದನೇ ಎಲಿಜಬೆತ್ ರಾಣಿ ಹೆಸರಿನ ಬೇಟೆ ಮನೆ ಇದೆ, ಚಿಕ್ಕವರಿದ್ದಾಗ ಅಲ್ಲೊಂದು ಕೋಣೇಲಿ ಗೋಡೆಗೆ ತೂಗುಬಿಟ್ಟಿದ್ದ ಮಾಸಿದ ಹಸಿರು ಬಟ್ಟೆ ನೋಡಿದ್ದನ್ನ ದೊಡ್ಡವರಾದ್ಮೇಲೂ ಭಾಷಣದಲ್ಲಿ ನೆನೆಸ್ಕೊಂಡಿದ್ದಾರೆ. ಗೋಡೆ ತುಂಬಾ ಎಲೆ ಬಳ್ಳಿ ಹಬ್ಬಿಸೋ ಆಸೆ ಅಲ್ಲೇ ಹುಟ್ಟಿದ್ದು ಅಂತ ನನಗನ್ಸುತ್ತೆ. 1895ರಲ್ಲಿ, ಸಾಯೋ ಹಿಂದಿನ ವರ್ಷ, ಅಲ್ಲಿನ ಹಾರ್ನ್‌ಬೀಮ್ ಮರ ಕಡೀತಿದಾರೆ ಅಂತ ಪತ್ರಿಕೆಗೆ ಕಾಗದ ಬರೆದ್ರು, ಈ ಕಾಡಿನ ಗಜ ಗಜವೂ ನನಗೆ ಗೊತ್ತು ಅಂತ.

ಅಚ್ಚುಮಣೆ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್ ಇಬ್ರಿಗೂ. ಸ್ಟ್ರಾಬೆರಿ ಕದ್ದ ಹಕ್ಕಿ ಕೂಡ ಅಲ್ಲೀದೇನಾ?

ನೂಲೆಳೆ:
ಅಲ್ಲ, ಅದು ದೊಡ್ಡವರಾದ್ಮೇಲೆ ಅವರು ಇರ್ತಿದ್ದ ಆಕ್ಸ್‌ಫರ್ಡ್‌ಶೈರ್‌ನ ಕೆಲ್ಮ್‌ಸ್ಕಾಟ್ ಮನೆ ತೋಟದ್ದು, 1883ರ ಡಿಸೈನು. ಒಂದೇ ದಿನ ಅಂದ್ರೆ ಬೆಳಿಗ್ಗೆ ಗ್ಯಾಲರಿ ಮುಗ್ಸಿ, ವಾಲ್ಥಮ್‌ಸ್ಟೋ ಸೆಂಟ್ರಲ್‌ನಿಂದ ಚಿಂಗ್‌ಫರ್ಡ್ ಟ್ರೈನ್ ಹತ್ತಿ, ಅದು ಕೊನೇ ಸ್ಟೇಷನ್ನು, ಅಲ್ಲಿಂದ ಬೇಟೆ ಮನೆಗೆ ನಡ್ಕೊಂಡೇ ಹೋಗ್ಬೋದು. ಸ್ಕೆಚ್‌ಬುಕ್ ತಗೊಂಡ್ಹೋಗಿ.