ತಗಡಿನ ರೇ ಗನ್‌ನಲ್ಲಿ ಕಿಡಿ ಬರುತ್ತಿಲ್ಲ, ಏನು ಮಾಡಲಿ?

ತಗಡುಪೆಟ್ಟಿಗೆ: ಸೋದರಮಾವ ಕೊಟ್ಟ ಹಳೇ ಜಪಾನಿ ರೇ ಗನ್ (ಬಾಹ್ಯಾಕಾಶ ಕಥೆಗಳ ಕಿರಣ ಬಂದೂಕಿನ ಆಟಿಕೆ) ಇದೆ. ಟ್ರಿಗರ್ ಒತ್ತಿದರೆ ಚಕ್ರ ಕರ್ರ್ ಅಂತ ತಿರುಗುತ್ತದೆ, ಕೆಂಪು ಕಿಟಕಿಯಲ್ಲಿ ಕಿಡಿ ಮಾತ್ರ ಇಲ್ಲ. ಬ್ಯಾಟರಿ ಹಾಕುವ ಜಾಗವೂ ಕಾಣುತ್ತಿಲ್ಲ.

ರಾಕೆಟ್‌ರಾಯ: ಬ್ಯಾಟರಿ ಬೇಡ. ಒಳಗಿನ ಒರಟು ಚಕ್ರಕ್ಕೆ ಲೈಟರ್‌ನಲ್ಲಿರುವಂಥ ಕಲ್ಲು ಉಜ್ಜಿ ಕಿಡಿ ಹಾರುತ್ತದೆ. ಕಲ್ಲು ಸವೆದಿರಬೇಕು. ತಗಡಿನ ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ, ಜಾಸ್ತಿ ಬಗ್ಗಿಸಿದರೆ ಮುರಿಯುತ್ತವೆ.

ಹಳೇಆಟಿಕೆ: ಅಮೆರಿಕದ ಡೈಸಿ ಕಂಪನಿ 1934ರಲ್ಲಿ ಬಕ್ ರೋಜರ್ಸ್ ಎಂಬ ಬಾಹ್ಯಾಕಾಶ ಕಾಮಿಕ್ಸ್‌ನ ರಾಕೆಟ್ ಪಿಸ್ತೂಲ್ ತಂದಾಗ ಅದು ಬರೀ ಸದ್ದು ಮಾಡುತ್ತಿತ್ತು, ಮರುವರ್ಷದ ಡಿಸಿಂಟಿಗ್ರೇಟರ್ ಎಂಬ ಪಿಸ್ತೂಲ್‌ನಲ್ಲಿ ಕಿಡಿಯೂ ಬಂತು. ಚಂದ್ರನ ಮೇಲೆ ಮನುಷ್ಯ ಇಳಿಯುವುದಕ್ಕೆ 35 ವರ್ಷ ಮೊದಲೇ ಮಕ್ಕಳು ಅಂಗಳದಲ್ಲಿ ಬಾಹ್ಯಾಕಾಶ ಆಡುತ್ತಿದ್ದರು, ಎಷ್ಟು ಚಂದ ಅಲ್ವಾ!

ತಗಡುಪೆಟ್ಟಿಗೆ: ಬಿಚ್ಚಿದೆ. ಕಲ್ಲಿನ ಜಾಗದಲ್ಲಿ ಬೂದು ಪುಡಿ ಅಷ್ಟೇ. ನಾಳೆ ಲೈಟರ್ ಕಲ್ಲು ತರುತ್ತೇನೆ.