ಮರದ ಮೈಟರ್ ಸಾದಲ್ಲಿ ಎಂಎಸ್ ಟ್ಯೂಬ್ ಕೊಯ್ಯಬಹುದೇ?

ಪ್ರಶ್ನೆ:
ಮನೆಯಲ್ಲಿ ಮರಕ್ಕೆಂದು 254 ಮಿ.ಮೀ. ಬ್ಲೇಡಿನ ಮೈಟರ್ ಸಾ (ಕೋನಕ್ಕೆ ತಿರುಗಿಸಿ ಕೊಯ್ಯುವ ಯಂತ್ರ ಗರಗಸ) ಇದೆ, 4800 ಆರ್‌ಪಿಎಂ (ನಿಮಿಷಕ್ಕೆ ಸುತ್ತು). 40×40×2 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಚೌಕ ಟ್ಯೂಬನ್ನು 45 ಡಿಗ್ರಿಗೆ ಕೊಯ್ದು ಫ್ರೇಮ್ ವೆಲ್ಡ್ ಮಾಡಬೇಕು. ಲೋಹ ಕೊಯ್ಯುವ ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿದರೆ ಸಾಕೇ? ಇಲ್ಲವೇ ಅಬ್ರೇಸಿವ್ ಡಿಸ್ಕ್ (ಹಲ್ಲಿಲ್ಲದೆ ಉಜ್ಜಿ ಕೊಯ್ಯುವ ಬಿಲ್ಲೆ) ಹಾಕಲೇ?

ಉತ್ತರ 1:
ಎರಡೂ ಬೇಡ. ಲೆಕ್ಕ ಹಾಕಿ ನೋಡಿ: 254 ಮಿ.ಮೀ. ಬ್ಲೇಡ್ 4800 ಆರ್‌ಪಿಎಂನಲ್ಲಿ ತಿರುಗಿದರೆ ಹಲ್ಲಿನ ವೇಗ ನಿಮಿಷಕ್ಕೆ ಸುಮಾರು 3800 ಮೀಟರ್. ಉಕ್ಕಿಗೆಂದೇ ಮಾಡಿದ 355 ಮಿ.ಮೀ. ಡ್ರೈ ಕಟ್ ಸಾ (ತಂಪು ದ್ರವವಿಲ್ಲದೆ ಹಲ್ಲಿನ ಬ್ಲೇಡಿನಲ್ಲಿ ಕೊಯ್ಯುವ ಯಂತ್ರ) 1300 ಆರ್‌ಪಿಎಂನಲ್ಲಿ 1450 ಮೀಟರ್ ದಾಟುವುದಿಲ್ಲ. ಎರಡೂವರೆ ಪಟ್ಟು ವೇಗದಲ್ಲಿ ಹಲ್ಲಿನ ತುದಿ ಕಾದು ಮೊಂಡಾಗುತ್ತದೆ, ಆಮೇಲೆ ಕೊಯ್ಯುವ ಬದಲು ಉಜ್ಜುತ್ತದೆ. ಒಂದು ಹಲ್ಲು ಹಾರಿತೆಂದರೆ ಅದರ ಪಾಲಿನ ಹೊರೆ ಹಿಂದಿನ ಹಲ್ಲಿಗೆ ಬೀಳುತ್ತದೆ.

ಅಬ್ರೇಸಿವ್ ಡಿಸ್ಕ್‌ನ ಕಿಡಿ ನೇರ ಹೋಗುವುದು ಮರದ ಪುಡಿ ತುಂಬಿದ ಚೀಲಕ್ಕೆ. ಅದು ತಕ್ಷಣ ಹೊತ್ತಿಕೊಳ್ಳಬೇಕೆಂದಿಲ್ಲ, ಒಳಗೇ ಹೊಗೆಯಾಡುತ್ತಾ ಇರಬಹುದು. ಪ್ಲಾಸ್ಟಿಕ್ ಗಾರ್ಡ್ ಕರಗುವುದು ಬೇರೆ.

ಉತ್ತರ 2:
ಅಲ್ಯೂಮಿನಿಯಂ ಆದರೆ ಅದೇ ಸಾ ನಡೆಯುತ್ತದೆ. ಬ್ಲೇಡಿಗೆ 80ರಿಂದ 100 ಹಲ್ಲು, ಟ್ರಿಪಲ್ ಚಿಪ್ (ಮೂಲೆ ಕತ್ತರಿಸಿದ ಹಲ್ಲು, ಚಪ್ಪಟೆ ಹಲ್ಲು ಒಂದಾದ ಮೇಲೊಂದು), ಮೈನಸ್ 5 ಡಿಗ್ರಿ ಹುಕ್ (ಹಲ್ಲು ಹಿಂದಕ್ಕೆ ಬಾಗಿರುವ ಕೋನ) ಇರಲಿ. ಪ್ಲಸ್ ಹುಕ್ ಬ್ಲೇಡ್ ಲೋಹವನ್ನು ಕಚ್ಚಿ ಎಳೆಯುತ್ತದೆ. ಹಲ್ಲಿಗೆ ಮೇಣ ಸವರದಿದ್ದರೆ ಚೂರು ಅಂಟಿಕೊಳ್ಳುತ್ತದೆ.

ಉತ್ತರ 3:
ಡ್ರೈ ಕಟ್ ಸಾ ಸಿಕ್ಕರೆ 80 ಹಲ್ಲಿನ ಬ್ಲೇಡ್ ಹಾಕಿ. ಅದರಲ್ಲೂ ಹಲ್ಲಿನಿಂದ ಹಲ್ಲಿಗೆ ಸುಮಾರು 14 ಮಿ.ಮೀ. ಅಂತರ, ನಿಮ್ಮ ಟ್ಯೂಬಿನ ಗೋಡೆಯೋ 2 ಮಿ.ಮೀ. ಅಂದರೆ ಪಕ್ಕದ ಗೋಡೆಗಳಲ್ಲಿ ಇಳಿಯುವಾಗ ಒಂದೊಂದೇ ಹಲ್ಲು ಬಂದು ಹೊಡೆಯುತ್ತದೆ. ಅಲ್ಲಿ ಹಿಡಿಕೆಯ ಭಾರವಷ್ಟೇ ಸಾಕು, ಒತ್ತಿದಿರೋ ಹಲ್ಲು ಹೋಯಿತು. ಕೆಳಗಿನ ಗೋಡೆ ಮುಟ್ಟಿದಾಗ ಸದ್ದು ದಪ್ಪವಾಗುತ್ತದೆ, ಆಗ ಒಂದೇ ಸಮನೆ ಒತ್ತಬಹುದು. ಚೂರುಗಳ ಜೊತೆ ಕಿಡಿ ದಿನೇದಿನೇ ಹೆಚ್ಚುತ್ತಿದ್ದರೆ ಬ್ಲೇಡ್ ಮೊಂಡಾಗಿದೆ. ಟ್ಯೂಬಿನ ಬದಲು L ಆಕಾರದ ಆಂಗಲ್ ಇದ್ದರೆ ಬೆನ್ನು ಮೇಲಾಗಿ, ತಲೆಕೆಳಗಾದ V ಹಾಗೆ ಹಿಡಿಯಿರಿ.

ಪ್ರಶ್ನೆ ಕೇಳಿದವರು:
355 ಮಿ.ಮೀ. ಅಬ್ರೇಸಿವ್ ಡಿಸ್ಕ್‌ನ ಚಾಪ್ ಸಾ (ಮೇಲಿಂದ ಇಳಿಸಿ ಲೋಹ ಕೊಯ್ಯುವ ಯಂತ್ರ) ಎರವಲು ಸಿಗುತ್ತದೆ. ಅದರಲ್ಲಿ 45 ಡಿಗ್ರಿ ಸರಿ ಬರುತ್ತದೆಯೇ?

ಉತ್ತರ 1:
ಬರುತ್ತದೆ, ಅವಸರ ಮಾಡದಿದ್ದರೆ. ಒತ್ತಿದರೆ ತೆಳು ಡಿಸ್ಕ್ ಬಾಗುತ್ತದೆ, ಕೊಯ್ತ ಓರೆಯಾಗುತ್ತದೆ. ಟ್ಯೂಬನ್ನು ಬಿಗಿಹಿಡಿಯುವ ವೈಸ್‌ನ ಡಿಗ್ರಿ ಸ್ಕೇಲ್ ನಂಬಬೇಡಿ. ಎರಡು ತುಂಡು ಕೊಯ್ದು ಜೋಡಿಸಿ ಮೂಲೆಮಟ್ಟ ಇಟ್ಟು ನೋಡಿ, ಅರ್ಧ ಡಿಗ್ರಿ ತಪ್ಪು ಅಲ್ಲಿ ಒಂದು ಡಿಗ್ರಿಯಾಗಿ ಕಾಣುತ್ತದೆ. ಡಿಸ್ಕ್ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮತ್ತು ಅವಧಿ ಮುಗಿಯುವ ತಿಂಗಳು ಓದಿ ಹಾಕಿ. ಬಿಗಿಮಾಡಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ, ಅದರ ನೇರಕ್ಕೆ ನಿಲ್ಲಬೇಡಿ.